ತಿಳಿದೂ ತಿರುಗಲಾಗದವರು

ಭಾರತೀಯ ಸಾಹಿತ್ಯದಲ್ಲಿ ದುರಂತಕ್ಕೆ ಜಾಗವಿಲ್ಲ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಕಾಲೇಜಿನ ತರಗತಿಯಲ್ಲಿ. ಕರ್ಮ, ಪುನರ್ಜನ್ಮಗಳನ್ನು ನಂಬುವ ಸಮಾಜಕ್ಕೆ ಸಾವು ಕೊನೆಯಲ್ಲ, ಕೊನೆಯೆಂಬುದೇ ಇಲ್ಲದ ಕಡೆ ದುರಂತ ಹುಟ್ಟುವುದು ಹೇಗೆ, ಸಂಸ್ಕೃತ ನಾಟಕಗಳು ಭರತವಾಕ್ಯದ ಶುಭ ಹಾರೈಕೆಯಲ್ಲಿ ಮುಗಿಯುವುದು ಇದೇ ಕಾರಣಕ್ಕೆ ಎಂದು ಆ ವಾದ ಸಾಗುತ್ತಿತ್ತು. ಪರೀಕ್ಷೆಯಲ್ಲಿ ಬರೆಯುವುದಕ್ಕೆ ಅದು ಸಲೀಸಾಗಿತ್ತು. ಆದರೆ ಮಳೆಗಾಲದ ರಾತ್ರಿಗಳಲ್ಲಿ ಶಿರಸಿ ಸೀಮೆಯ ಮನೆಗಳ ಜಗಲಿಯಲ್ಲಿ ಕುಳಿತು, ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನದ ಬಗೆಯಾದ ತಾಳಮದ್ದಳೆ ಕೇಳಿ ಬೆಳೆದವರಿಗೆ ಅದು ಒಗ್ಗುವ ಮಾತಲ್ಲ. ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಕರ್ಣಭೇದನ ಪ್ರಸಂಗದ ಪದ್ಯವನ್ನು ಹಾಡುವ ಭಾಗವತರು ಎತ್ತಿಕೊಂಡಾಗ ಕುಳಿತವರ ಮುಖದಲ್ಲಾಗುವ ಬದಲಾವಣೆಯನ್ನು ಕಂಡವರು, ಅಲ್ಲಿ ನಡೆಯುತ್ತಿರುವುದು ಬರಿಯ ಕರುಣರಸದ ಆಸ್ವಾದ ಎಂದು ಹೇಳಿ ಸುಮ್ಮನಾಗಲಾರರು. ಪಾಠದಲ್ಲಿ ಕಲಿತದ್ದಕ್ಕೂ ಜಗಲಿಯಲ್ಲಿ ಕಂಡದ್ದಕ್ಕೂ ನಡುವಿನ ಈ ಬಿರುಕು ಬಹಳ ಕಾಲದಿಂದ ನನ್ನನ್ನು ಕಾಡುತ್ತ ಬಂದಿದೆ.

ಕಾಲೇಜಿನ ಆ ವಾದ ಕೃತಿಯ ಕೊನೆಯ ಪುಟವನ್ನು ನೋಡಿ ತೀರ್ಪು ಕೊಡುತ್ತದೆ: ನಾಯಕ ಸತ್ತರೆ ದುರಂತ, ಬದುಕಿ ಪಟ್ಟವೇರಿದರೆ ಅಲ್ಲ. ಆದರೆ ದುರಂತ ನಾಟಕದ ತವರು ಎನ್ನಿಸಿಕೊಂಡ ಗ್ರೀಸಿನಲ್ಲಿಯೇ ಈ ಅಳತೆ ನಿಲ್ಲುವುದಿಲ್ಲ. ಕ್ರಿಸ್ತಪೂರ್ವ 458ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸನ ಒರೆಸ್ಟಿಯ ನಾಟಕತ್ರಯ, ಗಂಡನ ಕೊಲೆ, ತಾಯಿಯ ಕೊಲೆಗಳನ್ನೆಲ್ಲ ದಾಟಿ, ಕೊನೆಗೆ ನ್ಯಾಯಸಭೆಯೊಂದರ ತೀರ್ಪಿಗೆ ಬರುತ್ತದೆ; ಸೇಡಿನ ದೇವತೆಗಳು ಶಾಂತರಾಗಿ ಊರನ್ನು ಹರಸುವವರಾಗುತ್ತಾರೆ. ಅರಿಸ್ಟಾಟಲ್ ಕೂಡ ತನ್ನ ಕಾವ್ಯಮೀಮಾಂಸೆಯ ಒಂದು ಅಧ್ಯಾಯದಲ್ಲಿ, ತಮ್ಮವರನ್ನೇ ಕೊಲ್ಲಹೊರಟವರು ಕೊನೆಯ ಕ್ಷಣದಲ್ಲಿ ಗುರುತು ಹತ್ತಿ ಕೈ ತಡೆದುಕೊಳ್ಳುವ ಬಗೆಯ ಕಥೆಯನ್ನೇ ಎಲ್ಲಕ್ಕಿಂತ ಮೇಲೆ ಇಡುತ್ತಾನೆ. ನಮ್ಮ ಕಡೆ ಸಾವಿನ ಲೆಕ್ಕ ಇನ್ನೂ ತೊಡಕಿನದು. ಬಿ.ಎಂ. ಶ್ರೀಕಂಠಯ್ಯನವರು ನಾಯಕ ತನ್ನನ್ನೇ ಕೊಂದುಕೊಳ್ಳುವ, ಸೊಫೋಕ್ಲೀಸನ ಏಜಾಕ್ಸ್ ನಾಟಕದ ಮಾದರಿಯಲ್ಲಿ ‘ಅಶ್ವತ್ಥಾಮನ್’ ಬರೆದಾಗ, ಚಿರಂಜೀವಿಯಾದವನು ರಂಗದ ಮೇಲೆ ಸಾಯಬೇಕಾಯಿತು. ಅವರ ಧೈರ್ಯವನ್ನು ನಾನು ಗೌರವಿಸುತ್ತೇನೆ. ಆದರೂ ಮೂಲದ ಅಶ್ವತ್ಥಾಮನೇ ಹೆಚ್ಚು ಭೀಕರನಾಗಿ ಕಾಣುತ್ತಾನೆ. ಮಲಗಿದ್ದ ಮಕ್ಕಳನ್ನು ಕೊಂದ ನೆನಪನ್ನು ಹೊತ್ತು, ಹಣೆಯ ಗಾಯ ಮಾಯದೆ, ಸಾವೂ ಸಿಗದೆ ಅಲೆಯುವುದಕ್ಕಿಂತ ದೊಡ್ಡ ದುರಂತವನ್ನು ಯಾವ ನಾಟಕದ ಕೊನೆಯ ಅಂಕವೂ ತೋರಿಸಲಾರದು.

ಜಗಲಿಯಲ್ಲಿ ಕರ್ಣ

ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುವ ಕರ್ಣಭೇದನ ನಡೆದದ್ದು ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ, ಅಡಕೆ ತೋಟದ ಅಂಚಿನಲ್ಲಿದ್ದ ಒಂದು ಮನೆಯಲ್ಲಿ. ಆಷಾಢದ ಮಳೆ. ಸಂಜೆಯಿಂದಲೇ ಕರೆಂಟು ಹೋಗಿತ್ತು. ಕೂಟ ಆರಂಭವಾಗುವ ತನಕ ಜಗಲಿಯಲ್ಲಿ ನಡೆದದ್ದೆಲ್ಲ ಕೊಳೆರೋಗದ ಮಾತು. ಎರಡನೇ ಸಲ ಔಷಧಿ ಹೊಡೆಯುವುದಕ್ಕೆ ಮಳೆ ಬಿಡುವು ಕೊಡುತ್ತಿಲ್ಲ, ಕೊನೆಗೌಡರು ಮರ ಏರುವುದಕ್ಕೆ ಆಗುತ್ತಿಲ್ಲ ಎಂಬ ಚಿಂತೆ. ಕವಳದ ಹರಿವಾಣ ಕೈಯಿಂದ ಕೈಗೆ ಹೋಗುತ್ತಿತ್ತು. ಭಾಗವತರು ತಾಳ ಕೈಗೆತ್ತಿಕೊಂಡ ಮೇಲೂ ಒಳಗಿನಿಂದ ಕಷಾಯದ ಲೋಟಗಳು ಬರುತ್ತಲೇ ಇದ್ದವು. ಹೆಂಗಸರು ನಡುಮನೆಯ ಬಾಗಿಲ ಬಳಿ, ಕೆಲವರು ಮಡಿಲಲ್ಲಿ ನಿದ್ದೆಹೋದ ಮಕ್ಕಳೊಂದಿಗೆ ಕುಳಿತಿದ್ದರು. ಅಲ್ಲಿ ಕಥೆ ಗೊತ್ತಿಲ್ಲದವರು ಯಾರೂ ಇರಲಿಲ್ಲ.

ಕೃಷ್ಣನ ಅರ್ಥ, ಅಂದರೆ ಪಾತ್ರದ ಮಾತು, ಹೇಳಿದವರು ಮಾತಿನ ಸವಿಯನ್ನು ಬಲ್ಲವರು. ಕರ್ಣನ ಕೈ ಹಿಡಿದು ರಥದಲ್ಲಿ ಕೂರಿಸಿಕೊಂಡಲ್ಲಿಂದ, ಸಂಬಂಧ ಹೇಳಿ, ಹುಟ್ಟಿನ ಗುಟ್ಟನ್ನು ಬಿಚ್ಚುವ ತನಕ ಅವರು ಅವಸರ ಮಾಡಲಿಲ್ಲ. ಕುಮಾರವ್ಯಾಸ ಕೃಷ್ಣನಿಂದ ಹೇಳಿಸುವ ಆ ಆಮಿಷದ ಚಿತ್ರ, ಎಡದಲ್ಲಿ ಕೌರವರ ಗಡಣ, ಬಲದಲ್ಲಿ ಪಾಂಡವರ ಗಡಣ, ಇದಿರಿಗೆ ಮಾದ್ರ ಮಾಗಧ ಯಾದವಾದಿಗಳು, ನಡುವೆ ಓಲಗದಲ್ಲಿ ನೀನು ಎಂಬುದು ಅವರ ಮಾತಿನಲ್ಲಿ ಕಣ್ಣಿಗೆ ಕಟ್ಟುವಂತೆ ಬಂತು. ಕರ್ಣನ ಅರ್ಥಕ್ಕೆ ಕುಳಿತಿದ್ದವರು ನಿವೃತ್ತ ಶಿಕ್ಷಕರು. ಅವರು ಉತ್ತರ ಕೊಡಬೇಕಾದ ಜಾಗದಲ್ಲಿ ಸುಮ್ಮನಾದರು. ತಾಳಮದ್ದಳೆಯಲ್ಲಿ ಮೌನಕ್ಕೆ ಅವಕಾಶ ಕಡಿಮೆ. ಮಾತೇ ವೇಷ, ಮಾತೇ ರಂಗ ಆಗಿರುವ ಕಲೆಯಲ್ಲಿ ಅರ್ಥಧಾರಿ ಸುಮ್ಮನಾದರೆ ಪಾತ್ರವೇ ಇಲ್ಲವಾಗುತ್ತದೆ. ಮದ್ದಳೆಯವರು ಒಮ್ಮೆ ಅವರ ಕಡೆ ನೋಡಿದರು. ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದೊಂದೇ ಕೇಳುತ್ತಿತ್ತು. ಶಿಕ್ಷಕರ ಬಲಗೈ ತಾನಾಗಿ ಕಿವಿಯ ಕಡೆ ಹೋಯಿತು. ದಾನ ಕೊಟ್ಟುಬಿಟ್ಟ ಕುಂಡಲದ ಜಾಗವನ್ನು ಬೆರಳು ತಡವುತ್ತಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಕೃಷ್ಣಾ, ಇದನ್ನು ಇವತ್ತು ಯಾಕೆ ಹೇಳಿದೆ? ತುಂಬಿದ ಸಭೆಯಲ್ಲಿ ನಿನ್ನ ಕುಲ ಯಾವುದು ಎಂದು ನನ್ನನ್ನು ಕೇಳಿದ ದಿವಸ ನಿನಗೂ ಗೊತ್ತಿತ್ತಲ್ಲ. ಆವತ್ತು ಹೇಳಿದ್ದರೆ ನಾನು ಬದುಕುತ್ತಿದ್ದೆ. ಇವತ್ತು ಹೇಳಿದ್ದರಿಂದ ಏನಾಗುತ್ತದೆ? ನಾಳೆ ಬಾಣ ಹೂಡುವಾಗ ಎದುರಿಗೆ ನಿಂತವನು ಯಾರೆಂದು ನನಗೆ ಗೊತ್ತಿರುತ್ತದೆ, ಅಷ್ಟೆ.”

ಬಾಗಿಲ ಬಳಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೃಷ್ಣನ ಅರ್ಥಧಾರಿಗೂ ಮುಂದಿನ ಮಾತು ಕೂಡಲೇ ಹೊರಡಲಿಲ್ಲ.

ಹತ್ತನೆಯ ತರಗತಿಯಲ್ಲಿ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯಪಾಠವನ್ನು ಓದಿದವರಿಗೆ ಆ ಷಟ್ಪದಿಗಳು ಬಾಯಿಗೆ ಬರುತ್ತವೆ. ತಾನು ಪಾಂಡವರ ಹಿರಿಯಣ್ಣ ಎಂದು ತಿಳಿದ ಕರ್ಣನಿಗೆ ಮೊದಲು ಹೊಳೆಯುವುದು ರಾಜ್ಯವೂ ಅಲ್ಲ, ತಾಯಿಯೂ ಅಲ್ಲ. ಕೊರಳ ಸೆರೆ ಹಿಗ್ಗಿ, ಕಣ್ಣೀರು ಉಕ್ಕಿ ಬಂದು, “ಅಕಟಾ ಕುರುಪತಿಗೆ ಕೇಡಾದುದು” ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ. ಅದೇ ಷಟ್ಪದಿಯ ಕೊನೆಯಲ್ಲಿ “ತನ್ನ ವಂಶವನರುಹಿ ಕೊಂದನು”, ಕುಲವನ್ನು ತಿಳಿಸಿಯೇ ಕೃಷ್ಣ ನನ್ನನ್ನು ಕೊಂದ, ಎಂಬ ಮಾತು ಬರುತ್ತದೆ. ಸ್ವಲ್ಪ ಮುಂದೆ, ಕೃಷ್ಣನಿಗೆ ನೇರವಾಗಿ, ಕೌರವೇಂದ್ರನನ್ನು ಕೊಂದೆ ನೀನು ಎನ್ನುತ್ತಾನೆ. ಯುದ್ಧ ಇನ್ನೂ ಶುರುವಾಗಿಲ್ಲ, ಒಂದು ಬಾಣವೂ ಹಾರಿಲ್ಲ. ಕವಿ ಆಗಲೇ ಎರಡು ಕೊಲೆಗಳು ನಡೆದುಹೋದವು ಎನ್ನುತ್ತಿದ್ದಾನೆ. ಎರಡೂ ನಡೆದದ್ದು ಒಂದು ನಿಜವನ್ನು ಹೇಳಿದ್ದರಿಂದ. ದುರಂತದ ಬಗ್ಗೆ ನಾನು ಓದಿದ ಯಾವ ಶಾಸ್ತ್ರವೂ ಈ ಒಂದು ಮಾತಿನಷ್ಟು ನನಗೆ ಕಲಿಸಿಲ್ಲ.

ಅರಿವು ಬರುವ ಹೊತ್ತು

ಸೊಫೋಕ್ಲೀಸನ ಈಡಿಪಸ್ ತಿಳಿಯದೆ ತಂದೆಯನ್ನು ಕೊಲ್ಲುತ್ತಾನೆ, ತಿಳಿಯದೆ ತಾಯಿಯನ್ನು ಮದುವೆಯಾಗುತ್ತಾನೆ. ಆಮೇಲೆ ತಾನೇ ಪಟ್ಟು ಹಿಡಿದು ವಿಚಾರಣೆ ಮಾಡಿ ನಿಜವನ್ನು ಹೊರಗೆಳೆಯುತ್ತಾನೆ. ಅಲ್ಲಿ ಅರಿವು ಕೃತ್ಯದ ನಂತರ ಬರುತ್ತದೆ. ಅರಿವಾದ ಕ್ಷಣವೂ ಬದುಕು ತಲೆಕೆಳಗಾಗುವ ಕ್ಷಣವೂ ಒಂದೇ ಆಗುವುದರಿಂದ ಅರಿಸ್ಟಾಟಲ್ ಆ ನಾಟಕವನ್ನು ಮತ್ತೆ ಮತ್ತೆ ಉದಾಹರಿಸುತ್ತಾನೆ. ತಡವಾಗಿ ಬರುವ ಅರಿವಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ನೆಲದಲ್ಲೇ ಬರೆದ ಒಂದು ನಾಟಕವೂ ಇದೆ. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಇಲ್ಲಿಗೆ ಬಂದಿದ್ದ ತರುಣ ರವೀಂದ್ರನಾಥ ಟಾಗೋರರು ‘ಪ್ರಕೃತಿರ್ ಪ್ರತಿಶೋಧ್’ ಬರೆದದ್ದು ಕಾರವಾರದಲ್ಲಿ. ಅದು ಅಚ್ಚಾದದ್ದು 1884ರಲ್ಲಿ. ಪ್ರಪಂಚವನ್ನೆಲ್ಲ ಗೆದ್ದೆನೆಂದುಕೊಂಡ ಸನ್ಯಾಸಿಯೊಬ್ಬನ ಬಳಿಗೆ ಊರು ಮುಟ್ಟಿಸಿಕೊಳ್ಳದ ಅನಾಥ ಹುಡುಗಿಯೊಬ್ಬಳು ಬರುತ್ತಾಳೆ. ಅವಳ ಮೇಲೆ ಮೂಡುತ್ತಿರುವ ಮಮತೆಗೆ ಹೆದರಿ ಅವನು ಅವಳನ್ನು ಬಿಟ್ಟು ಹೋಗುತ್ತಾನೆ. ಕೊನೆಗೆ ದಂಡ ಕಮಂಡಲಗಳನ್ನು ಎಸೆದು ಪ್ರೀತಿಯ ಕಡೆಗೆ ಮರಳಿ ಬಂದಾಗ ಅವಳು ಸತ್ತುಹೋಗಿದ್ದಾಳೆಂಬ ಸುದ್ದಿ ಸಿಗುತ್ತದೆ. ಸೀಮೆಯೊಳಗೇ ಅಸೀಮವನ್ನು ಕಾಣುವ ಆನಂದದ ನಾಟಕವೆಂದು ಟಾಗೋರರು ಮುಂದೆ ಅದನ್ನು ನೆನೆದರು. ಅವರು ಹಾಗೆ ಹೇಳಿದ್ದಾರೆಂದು ಗೊತ್ತಿದ್ದರೂ, ಅವರ ಹೆಸರಿನ ಕಡಲತೀರದಲ್ಲಿ ನಡೆಯುವಾಗಲೆಲ್ಲ ನನ್ನ ಮನಸ್ಸು ಸನ್ಯಾಸಿಯ ಜ್ಞಾನೋದಯಕ್ಕಿಂತ ಆ ಹುಡುಗಿಯ ಕಡೆಗೇ ಹೋಗುತ್ತದೆ. ಅವನ ಅರಿವಿನ ಬೆಲೆಯನ್ನು ತೆತ್ತವಳು ಅವಳು.

ಕರ್ಣನಿಗೆ ಅರಿವು ಬರುವುದು ಕೃತ್ಯಕ್ಕೆ ಮೊದಲು. ಅರಿಸ್ಟಾಟಲ್ ತನ್ನವರ ಮೇಲೆ ಕೈಯೆತ್ತುವ ಸಂದರ್ಭಗಳನ್ನು ಬಗೆಬಗೆಯಾಗಿ ವಿಂಗಡಿಸುವಾಗ, ತಿಳಿದೇ ಮಾಡುವವರಿಗೆ ಕೊಡುವ ಉದಾಹರಣೆ ಮಕ್ಕಳನ್ನು ಕೊಂದ ಮೀಡಿಯಾಳದ್ದು. ಆದರೆ ಮೀಡಿಯಾಳನ್ನು ನಡೆಸುವುದು ಸೇಡು. ಕರ್ಣನಲ್ಲಿ ಪಾಂಡವರ ಮೇಲಿನ ಹಳೆಯ ಹಗೆ ಆ ಕ್ಷಣದಲ್ಲಿ ನಿಂತ ನಿಲುವಿನಲ್ಲೇ ಕರಗಿಹೋಗಿದೆ. ನಿನ್ನ ವೀರರೈವರನ್ನು ನೋಯಿಸುವುದಿಲ್ಲ ಎಂದು ಅವನು ಕೃಷ್ಣನಿಗೇ ಆಣೆಯಿಟ್ಟು ಹೇಳುತ್ತಾನೆ. ಹಗೆ ಹೋದ ಮೇಲೂ ಯುದ್ಧ ಉಳಿದಿದೆ, ಋಣ ಉಳಿದಿದೆ. ಸಾಕಿದ ಒಡೆಯನನ್ನು ಕೈಬಿಟ್ಟರೆ ಅವನು ಕರ್ಣನೇ ಅಲ್ಲ. ಕೈಬಿಡದಿದ್ದರೆ ತಮ್ಮಂದಿರ ಎದುರು ನಿಲ್ಲಬೇಕು. ನಾಯಕನ ದೋಷವೊಂದರಿಂದ ಅವನ ಪತನವಾಗುತ್ತದೆ ಎಂಬ, ಪಾಠಪುಸ್ತಕಗಳಲ್ಲಿ ಕಲಿಸುವ ಸೂತ್ರ ಇಲ್ಲಿ ಹಿಡಿತಕ್ಕೆ ಬರುವುದಿಲ್ಲ. ದ್ರೌಪದಿಯ ವಸ್ತ್ರಾಪಹರಣದ ಸಭೆಯಲ್ಲಿ ಕರ್ಣ ಆಡಿದ ಮಾತು ಅಕ್ಷಮ್ಯ, ಅದನ್ನು ಯಾವ ಅರ್ಥಧಾರಿಯೂ ತೊಳೆಯಲಾರ. ಆದರೆ ಅವನನ್ನು ಕೊನೆಗೆ ಕೆಡವುವುದು ಆ ಪಾಪವೊಂದೇ ಅಲ್ಲ. ಅವನಲ್ಲಿದ್ದ ಒಳ್ಳೆಯದೇ ಅವನನ್ನು ಹಿಡಿದು ನಿಲ್ಲಿಸಿತು ಎಂಬುದನ್ನು ಕಾಣದೆ ಅವನ ಕಥೆ ಪೂರ್ತಿಯಾಗುವುದಿಲ್ಲ.

ಕರ್ಣಪರ್ವದಲ್ಲಿ ಇದು ಕಣ್ಣೆದುರಿಗೇ ನಡೆಯುತ್ತದೆ. ಸರ್ಪಾಸ್ತ್ರವನ್ನು ಕೊರಳಿಗೆ ಹೂಡಿದಾಗ ಶಲ್ಯ ಎದೆಗೆ ಗುರಿಯಿಡು ಎನ್ನುತ್ತಾನೆ. ಹೂಡಿದ ಗುರಿಯನ್ನು ಬದಲಿಸುವುದಿಲ್ಲ ಎಂದು ಕರ್ಣ. ಕೃಷ್ಣ ರಥವನ್ನು ಅದುಮಿ ಅರ್ಜುನನ ತಲೆ ಉಳಿಸುತ್ತಾನೆ. ಸರ್ಪ ಮರಳಿ ಬಂದು ಮತ್ತೊಮ್ಮೆ ತೊಡು ಎಂದು ಬೇಡುತ್ತದೆ. ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ ಎಂದು ಕುಂತಿಗೆ ಕೊಟ್ಟ ಮಾತು ಆಗ ಅಡ್ಡ ಬರುತ್ತದೆ. ಅಂದು ಕೃಷ್ಣನಿಂದ ಅವನಿಗೆ ಸಿಕ್ಕಿದ ಅರಿವು, ಗಂಗೆಯ ದಡದಲ್ಲಿ ಸಿಕ್ಕಿದ ತಾಯಿ, ಇಂದು ರಣದಲ್ಲಿ ಅವನ ಕೈಯನ್ನು ಹಿಡಿದುಕೊಂಡಿವೆ. ಶಲ್ಯ ಸಿಟ್ಟಾಗಿ ರಥದಿಂದ ಇಳಿದುಹೋಗುತ್ತಾನೆ. ಕರ್ಣಪರ್ವದ ತಾಳಮದ್ದಳೆಗಳಲ್ಲಿ ಈ ಶಲ್ಯನ ಅರ್ಥವನ್ನು ಚುರುಕಾಗಿ ಹೇಳುವವರಿದ್ದರೆ ಕೂಟ ಕಳೆಕಟ್ಟುತ್ತದೆ, ಏಕೆಂದರೆ ಲೋಕದ ಬುದ್ಧಿಯೆಲ್ಲ ಅವನ ಕಡೆಗಿದೆ: ಗೆಲ್ಲಬೇಕಾದರೆ ಗೆಲ್ಲುವಂತೆ ಬಾಣ ಬಿಡು ಎಂದಷ್ಟೇ ಅವನು ಹೇಳುತ್ತಿದ್ದಾನೆ.

ಎದುರಾಳಿಯ ನ್ಯಾಯ

ಜರ್ಮನ್ ತತ್ತ್ವಜ್ಞಾನಿ ಹೆಗೆಲ್ ದುರಂತವನ್ನು ಕುರಿತು ಹೇಳಿದ ಮಾತೊಂದನ್ನು ನಮ್ಮ ಅರ್ಥಧಾರಿಗಳು ಓದದೆಯೂ ಬಲ್ಲರು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡೆಯುವ ಹೋರಾಟದಲ್ಲಿ ದುರಂತವಿಲ್ಲ. ಒಂದು ನ್ಯಾಯಕ್ಕೂ ಇನ್ನೊಂದು ನ್ಯಾಯಕ್ಕೂ ಘರ್ಷಣೆಯಾದಾಗ ಅದು ಹುಟ್ಟುತ್ತದೆ. ಸೊಫೋಕ್ಲೀಸನ ನಾಟಕದಲ್ಲಿ ಅಣ್ಣನ ಶವಕ್ಕೆ ಮಣ್ಣು ಕೊಡಬೇಕೆನ್ನುವ ಆಂಟಿಗೊನೆಯ ಕಡೆಗೂ ನ್ಯಾಯವಿದೆ, ಊರಿನ ಮೇಲೆ ದಂಡೆತ್ತಿ ಬಂದವನಿಗೆ ಸಂಸ್ಕಾರವಿಲ್ಲ ಎನ್ನುವ ಅರಸನ ಕಡೆಗೂ ಒಂದು ನ್ಯಾಯವಿದೆ. ತಾಳಮದ್ದಳೆಯ ಕಟ್ಟೇ ಇಂಥದ್ದು. ವೇಷವಿಲ್ಲ, ಕುಣಿತವಿಲ್ಲ, ಎದುರು ಬದುರಾಗಿ ಕುಳಿತ ಇಬ್ಬರು, ತಮ್ಮ ತಮ್ಮ ಪಾತ್ರದ ಪರವಾಗಿ, ಇನ್ನೊಬ್ಬರ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಿಸಬೇಕು. ವಾಲಿಯ ಅರ್ಥಕ್ಕೆ ಕುಳಿತವನು ರಾಮನನ್ನು ನಿಜವಾಗಿ ಪ್ರಶ್ನಿಸದಿದ್ದರೆ ವಾಲಿವಧೆಗೆ ಅರ್ಥವಿಲ್ಲ. ರಾಮನನ್ನು ಪೂಜಿಸುವ ಸಭೆಯೇ ಆ ಪ್ರಶ್ನೆಗಾಗಿ ಕಾದು ಕುಳಿತಿರುತ್ತದೆ. ಮಂಗಳದ ಪದ್ಯದಲ್ಲಿ ಕೂಟ ಮುಗಿಯುತ್ತದೆ ನಿಜ, ಆದರೆ ವಾಲಿ ಕೇಳಿದ ಪ್ರಶ್ನೆಯನ್ನು ಆ ಮಂಗಳ ಅಳಿಸುವುದಿಲ್ಲ. ದುರಂತ ನಮ್ಮಲ್ಲಿ ಕೃತಿಯ ಕೊನೆಯಲ್ಲಿ ಕಾಣಿಸದೆ ಹೋದರೆ ಅದಕ್ಕೆ ಕಾರಣ ಅದು ನಡುವೆ, ಶುಭದ ಬಾಗಿಲಿನ ಒಳಗೆ ವಾಸವಾಗಿರುವುದು.

ರನ್ನನ ಗದಾಯುದ್ಧವನ್ನು ಈ ದೃಷ್ಟಿಯಿಂದ ಓದಬೇಕು. ಅದರ ಇನ್ನೊಂದು ಹೆಸರೇ ‘ಸಾಹಸಭೀಮ ವಿಜಯ’. ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಒಂದಾಗಿಸಿ ಅವನ ಗೆಲುವನ್ನು ಹಾಡುವುದಕ್ಕೆ ಹೊರಟ ಕಾವ್ಯ ಅದು. ಆದರೆ ಸಂಜಯನೊಡನೆ ದುರ್ಯೋಧನ ರಣಭೂಮಿಯಲ್ಲಿ ನಡೆಯತೊಡಗಿದ ಮೇಲೆ ಕಾವ್ಯ ಅವನದಾಗಿಬಿಡುತ್ತದೆ. ಮಗ ಲಕ್ಷಣಕುಮಾರನ ಶವದ ಮುಂದೆ, ತಂದೆಗೆ ಮಗ ಜಲಾಂಜಲಿ ಕೊಡಬೇಕಾದದ್ದು ಕ್ರಮ, ಅದು ತಿರುಗುಮುರುಗಾಯಿತಲ್ಲ ಎಂದು ಗೋಳಾಡುತ್ತಾನೆ. ದುಶ್ಶಾಸನನ ಶವದ ಮುಂದೆ, ತಾಯಿಯ ಮೊಲೆಹಾಲನ್ನು ನಾನು ಕುಡಿದ ಮೇಲೆ ನೀನು ಕುಡಿದೆ, ಸಾವಿನಲ್ಲಿ ಮಾತ್ರ ಆ ಕ್ರಮವನ್ನು ಮೀರಿ ಮೊದಲು ಹೋದೆ ಎನ್ನುತ್ತಾನೆ. ಅಭಿಮನ್ಯುವಿನ ಬಳಿ ನಿಂತು, ಹಗೆಯ ಮಗನಿಗೆ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಮರಣ ನಮಗೂ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಭೀಷ್ಮರು ಸಂಧಿಯ ಮಾತೆತ್ತಿದಾಗ, ನೆಲಕ್ಕಾಗಿ ಹೋರಾಡುತ್ತಿಲ್ಲ, ಛಲಕ್ಕಾಗಿ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ, ಅದರೊಡನೆ ಮತ್ತೆ ಬಾಳುವೆನೇ ಎಂದು ಉತ್ತರಿಸುತ್ತಾನೆ. ಯಾವ ನೆಲಕ್ಕಾಗಿ ಹದಿನೆಂಟು ಅಕ್ಷೋಹಿಣಿ ಅಳಿಯಿತೋ ಆ ನೆಲವೇ ಬೇಡ ಎಂಬ ಹಂತಕ್ಕೆ ಬಂದವನು ಅವನು. ಬೇಡವಾದ ಮೇಲೂ ನಿಲ್ಲಿಸಲಾರ.

ಭಾಸನ ‘ಊರುಭಂಗ’ದಲ್ಲಿ ಇದು ಇನ್ನೂ ಹತ್ತಿರದಿಂದ ಕಾಣುತ್ತದೆ. ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಪುಟ್ಟ ಮಗ ದುರ್ಜಯ ಬಂದು, ಎಂದಿನಂತೆ ತೊಡೆಯೇರಿ ಕೂರಲು ನೋಡುತ್ತಾನೆ. ತಂದೆ ಅವನನ್ನು ತಡೆಯಬೇಕಾಗುತ್ತದೆ. ದ್ರೌಪದಿಗೆ ಸಭೆಯಲ್ಲಿ ತೋರಿಸಿದ ತೊಡೆಯೂ ಇದೇ. ಭಾಸ ಅದನ್ನು ನೆನಪಿಸುವ ಅಗತ್ಯವೇ ಇಲ್ಲ. ನೋಡುವವರು ಅದನ್ನು ಮರೆತಿರುವುದಿಲ್ಲ.

ಕರಾವಳಿಯಲ್ಲಿ, ಅಂಕೋಲೆಯ ಕಡೆ ಕೊಯ್ಲಾದ ಗದ್ದೆಯೊಂದರಲ್ಲಿ ನೋಡಿದ ಗದಾಯುದ್ಧದ ಯಕ್ಷಗಾನ ಆಟವೂ ನೆನಪಿಗೆ ಬರುತ್ತದೆ. ರಾತ್ರಿಯಿಡೀ ಭೀಮನ ಪ್ರವೇಶಕ್ಕೆ ಸಿಳ್ಳೆ ಹಾಕಿದ ಸಭೆ ಬೆಳಗಿನ ಜಾವ ಕೌರವ ಬಿದ್ದಾಗ ಸದ್ದಿಲ್ಲದೆ ಕುಳಿತಿತ್ತು. ನನ್ನ ಪಕ್ಕದ ಹೆಂಗಸು, “ಪಾಪ, ಎಲ್ಲ ಹೋದ್ರು, ಒಬ್ಬನೇ ಆಗಿಬಿಟ್ಟ” ಎಂದರು. ಕೌರವ ಮಾಡಿದ ಅನ್ಯಾಯ ಅವರಿಗೆ ತಿಳಿಯದ್ದೇನಲ್ಲ. ತಕ್ಕ ಶಿಕ್ಷೆಯಾಯಿತು ಎಂಬ ತೀರ್ಪನ್ನೂ ಪಾಪ ಎಂಬ ಮರುಕವನ್ನೂ ಒಂದೇ ಮನಸ್ಸಿನಲ್ಲಿ, ಒಂದನ್ನೊಂದು ಕೆಡಿಸದಂತೆ ಇಟ್ಟುಕೊಳ್ಳುವ ಶಕ್ತಿ ಅವರಿಗಿತ್ತು. ದುರಂತ ಸಾಹಿತ್ಯ ನಮ್ಮಲ್ಲಿ ಬೆಳೆಸುವುದು ಈ ಶಕ್ತಿಯನ್ನು ಎಂದು ನಾನು ನಂಬಿದ್ದೇನೆ.

ಪತ್ರಿಕೆಯ ದುರಂತ

ಪತ್ರಿಕೆಗಳು ದುರಂತ ಎನ್ನುವುದು ಬೇರೆ ಬಗೆಯದನ್ನು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ, ಅದರ ಪಕ್ಕದಲ್ಲಿದ್ದ ಚಹಾದಂಗಡಿಯನ್ನೂ ಗಂಗಾವಳಿಯ ನೀರಿಗೆ ನೂಕಿತು. ಮಣ್ಣಿನಡಿ ಸಿಕ್ಕವರಿಗಾಗಿ ವಾರಗಟ್ಟಲೆ ಹುಡುಕಾಟ ನಡೆಯಿತು. ಲಾರಿ ಚಾಲಕನೊಬ್ಬನ ದೇಹ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಆ ದಿನಗಳಲ್ಲಿ ಈ ಭಾಗದ ಯಾರ ಮನೆಯಲ್ಲೂ ಬೇರೆ ಮಾತಿರಲಿಲ್ಲ. ಅಂಥ ಸಾವುಗಳ ಮುಂದೆ ಈಡಿಪಸ್, ಕರ್ಣ ಎಂದು ಮಾತಾಡುವುದು ಸಲ್ಲದು. ಅವು ಬೇಡುವುದು ಹುಡುಕುವ ಕೈಗಳನ್ನು, ಶೋಕವನ್ನು, ಪರಿಹಾರವನ್ನು, ಹೊಣೆಗಾರಿಕೆಯನ್ನು. ಚಹಾ ಕುಡಿಯಲು ನಿಂತವನಿಗೆ ಏನೂ ತಿಳಿದಿರಲಿಲ್ಲ, ಅವನು ಏನನ್ನೂ ಆರಿಸಿಕೊಂಡಿರಲಿಲ್ಲ. ಆದರೆ ರಸ್ತೆಯ ಅಗಲೀಕರಣಕ್ಕೆ ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದ್ದರ ಬಗ್ಗೆ ಆಮೇಲೆ ನಡೆದ ಚರ್ಚೆಯನ್ನು ಓದುವಾಗ, ಸಾಹಿತ್ಯದ ದುರಂತ ಕಲಿಸುವ ಪ್ರಶ್ನೆಯೇ ನನ್ನ ಮನಸ್ಸಿಗೆ ಬಂತು: ಯಾರಿಗೆ, ಯಾವಾಗ, ಏನು ತಿಳಿದಿತ್ತು? ಮಳೆಗಾಲದಲ್ಲಿ ಕಡಿದ ಗುಡ್ಡ ಜಾರುತ್ತದೆಂದು ಇಲ್ಲಿ ಹುಟ್ಟಿ ಬೆಳೆದ ಯಾರಿಗೆ ತಾನೆ ಗೊತ್ತಿಲ್ಲ? ತಿಳಿದೂ ನಡೆದದ್ದನ್ನು ವಿಧಿಯೆಂದು ಕರೆದು ಕೈತೊಳೆದುಕೊಳ್ಳುವುದನ್ನು ದೊಡ್ಡ ಕವಿಗಳು ಯಾರೂ ಒಪ್ಪಿಲ್ಲ. ಕುರುಕ್ಷೇತ್ರವನ್ನು ವ್ಯಾಸರಾಗಲಿ ಕುಮಾರವ್ಯಾಸನಾಗಲಿ ವಿಧಿಯ ತಲೆಗೆ ಕಟ್ಟಿ ಯಾರನ್ನೂ ಬಿಟ್ಟುಬಿಡಲಿಲ್ಲ.

ಕುಂತಿಗೆ ಒಂದು ರಾತ್ರಿ

ತಿಳಿದವರ ಲೆಕ್ಕ ಹಾಕುತ್ತ ಹೋದರೆ ಎಲ್ಲರಿಗಿಂತ ಹೆಚ್ಚು ಕಾಲ ತಿಳಿದಿದ್ದವಳು ಕುಂತಿ. ಕರ್ಣನಿಗೆ ತನ್ನ ಹುಟ್ಟು ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ. ಅವಳು ಮಗುವನ್ನು ನೀರಿಗೆ ಬಿಟ್ಟ ದಿನದಿಂದ ಅದನ್ನು ಹೊತ್ತವಳು. ಅಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಕವಚ ಕುಂಡಲಗಳೊಂದಿಗೆ ಬಂದು ನಿಂತವನ ಗುರುತು ಹತ್ತಿ ಮೂರ್ಛೆ ಹೋದವಳು. ಕುಲ ಯಾವುದೆಂದು ಕೇಳಿ ಅವನ ತಲೆ ತಗ್ಗಿಸಿದಾಗ ಉತ್ತರ ಗೊತ್ತಿದ್ದೂ ಸುಮ್ಮನಿದ್ದವಳು. ಒಬ್ಬ ಮಗ ಇನ್ನೊಬ್ಬ ಮಗನ ತಲೆ ತೆಗೆಯುವ ಪ್ರತಿಜ್ಞೆಯನ್ನು ಕೇಳಿಕೊಂಡು ವರ್ಷಗಳನ್ನು ಕಳೆದವಳು. ಎಲ್ಲ ಮುಗಿದ ಮೇಲೆ, ತರ್ಪಣದ ಹೊತ್ತಿಗೆ, ಅವನಿಗೂ ನೀರು ಬಿಡಿ, ಅವನು ನಿಮ್ಮಣ್ಣ ಎಂದು ಹೇಳಬೇಕಾಯಿತು. ಧರ್ಮರಾಯ ಆಗ ಹೆಂಗಸರಿಗೆ ಗುಟ್ಟು ನಿಲ್ಲದಿರಲಿ ಎಂದು ಶಪಿಸಿದ. ಗೆದ್ದ ಮಕ್ಕಳ ಅರಮನೆಯಲ್ಲಿ ಕೊನೆಯತನಕ ಉಳಿಯದೆ, ಮಕ್ಕಳನ್ನು ಕಳೆದುಕೊಂಡ ಧೃತರಾಷ್ಟ್ರ ಗಾಂಧಾರಿಯರ ಜೊತೆ ಅವಳು ಕಾಡಿಗೆ ಹೋದಳು, ಅಲ್ಲಿನ ಕಾಳ್ಗಿಚ್ಚಿನಲ್ಲಿ ಅವರೊಂದಿಗೇ ಸತ್ತಳು.

ನಾನು ಕೇಳಿದ ಕರ್ಣಭೇದನಗಳಲ್ಲಿ ಕುಂತಿಗೆ ಸಿಗುವುದು ರಾತ್ರಿಯ ಸಣ್ಣದೊಂದು ಪಾಲು. ಕೃಷ್ಣ ಕರ್ಣರ ಸಂವಾದದಲ್ಲಿ ಹೊತ್ತೇರಿರುತ್ತದೆ; ಕುಂತಿಯ ಅರ್ಥಕ್ಕೆ ಕುಳಿತವರು ಅತ್ತು, ಬೇಡಿ, ಎರಡು ಮಾತು ಪಡೆದುಕೊಂಡು ಪಾತ್ರ ಮುಗಿಸುತ್ತಾರೆ. ಅವಳ ಮೌನಕ್ಕೂ ಒಂದು ನ್ಯಾಯವಿರಬೇಕಲ್ಲ. ಹೇಳಿದ್ದರೆ ಉಳಿದ ಮಕ್ಕಳ ಹಕ್ಕಿಗೆ ಏನಾಗುತ್ತಿತ್ತು, ಗಂಡ ಸತ್ತು ಹಸ್ತಿನಾವತಿಯಲ್ಲಿ ಅನ್ಯರ ಅನ್ನದಲ್ಲಿದ್ದವಳ ಮಾತನ್ನು ಆ ಸಭೆಯಲ್ಲಿ ಯಾರು ನಂಬುತ್ತಿದ್ದರು, ಕನ್ಯೆಯಾಗಿದ್ದಾಗ ಹೆತ್ತವಳೆಂದು ತಿಳಿದ ಮೇಲೆ ಉಳಿದ ಮಕ್ಕಳನ್ನು ಯಾರ ಮಕ್ಕಳೆನ್ನುತ್ತಿದ್ದರು? ಈ ಪ್ರಶ್ನೆಗಳನ್ನು ಅರ್ಥಧಾರಿಯೊಬ್ಬರು ಕುಂತಿಯ ಬಾಯಿಂದ ಬೆಳೆಸಿದರೆ ಕರ್ಣನ ದುರಂತ ಸಣ್ಣದಾಗುವುದಿಲ್ಲ, ಅದಕ್ಕೆ ಸಮನಾದ ಇನ್ನೊಂದು ಅದರ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮ ಕಡೆ ಈಗ ಮಹಿಳಾ ತಾಳಮದ್ದಳೆಯ ತಂಡಗಳಿವೆ, ಅವುಗಳಲ್ಲಿ ಚೆನ್ನಾಗಿ ಓದಿಕೊಂಡ ಅರ್ಥಧಾರಿಗಳಿದ್ದಾರೆ. ಮಳೆಗಾಲದ ಕೂಟಗಳಿಗೆ ಪ್ರಸಂಗ ಗೊತ್ತುಮಾಡುವ ಗೆಳೆಯರಲ್ಲಿ ನನ್ನದೊಂದು ಕೋರಿಕೆಯಿದೆ. ಮುಂದಿನ ಸಲ ಕರ್ಣಭೇದನ ಇಟ್ಟಾಗ ಕುಂತಿಯ ಪಾತ್ರಕ್ಕೆ ಅಂಥವರೊಬ್ಬರನ್ನು ಕರೆಯಿರಿ, ಕೃಷ್ಣನಿಗೆ ಕೊಟ್ಟಷ್ಟೇ ಹೊತ್ತನ್ನು ಅವಳಿಗೂ ಕೊಡಿ, ಮತ್ತು ಆವತ್ತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯನ್ನು ಕರ್ಣನು ಅವಳಿಗೇ ಕೇಳಲಿ.